‘ತಾನೇ?’ ಅಂತ ಕೇಳಿದರೆ ‘ಹೂಂ’ ಅಂತಲೇ ಬರುತ್ತದೆ

ಮಾನ್ಯ ಸಂಪಾದಕರೇ,

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಅಮ್ಮನಿಗೆ 84 ವರ್ಷ. ತಿಪಟೂರಿನ ಹತ್ತಿರದ ಊರಲ್ಲಿ ಒಬ್ಬಳೇ ಇದ್ದಾಳೆ, ತೋಟ ಬಿಟ್ಟು ಬರಲ್ಲ ಅಂತಾಳೆ. ದಿನಾ ಸಂಜೆ ಫೋನ್ ಮಾಡುತ್ತೇನೆ. ‘ಊಟ ಆಯ್ತು ತಾನೇ? ಮಾತ್ರೆ ತಗೊಂಡೆ ತಾನೇ? ನೋವೇನಿಲ್ಲ ಅಲ್ವಾ?’ ಮೂರಕ್ಕೂ ‘ಹೂಂ ಕಣಪ್ಪ’ ಅಂತ ಬರುತ್ತಿತ್ತು, ಇಟ್ಟುಬಿಡುತ್ತಿದ್ದೆ. ಅಮ್ಮನ್ನ ವಿಚಾರಿಸಿಕೊಂಡೆ ಅನ್ನೋ ಸಮಾಧಾನ ನನಗೆ.

ಹೋದ ತಿಂಗಳು ಎಂಟು ವರ್ಷದ ಮೊಮ್ಮಗಳು ನನ್ನ ಕೈಯಿಂದ ಫೋನ್ ತಗೊಂಡು ‘ಮುತ್ತಜ್ಜಿ, ಇವತ್ತು ಏನು ಸಾರು?’ ಅಂದಳು. ಹುರುಳಿಕಾಳಿನ ಬಸ್ಸಾರಂತೆ. ‘ನೀನೇ ಮಾಡಿದ್ಯಾ?’ ಇಲ್ಲ, ಪಕ್ಕದ ಮನೆಯವರು ಕೊಟ್ಟಿದ್ದು. ‘ನಿನ್ನೆ?’ ನಿನ್ನೆಯೂ ಅವರೇ. ಮಗು ಸುಮ್ಮನಿತ್ತು, ಅಮ್ಮನೂ ಸುಮ್ಮನಿದ್ದಳು, ನಾನಾಗಿದ್ದರೆ ಅಷ್ಟರಲ್ಲಿ ‘ಸರಿ ಇಡ್ಲಾ’ ಅಂದಿರುತ್ತಿದ್ದೆ. ಆಮೇಲೆ ಅಮ್ಮನೇ ಹೇಳಿದಳು, ಗ್ಯಾಸ್ ಒಲೆಯ ತಿರುಪು ತಿರುಗಿಸೋಕೆ ಬೆರಳಲ್ಲಿ ಶಕ್ತಿ ಇಲ್ಲ, ಒಲೆ ಹಚ್ಚಿ ಹನ್ನೆರಡು ದಿನ ಆಯ್ತು ಅಂತ.

ಮರುದಿನವೇ ಹೋಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲೂ ಮೊದಲು ನೋಡಿದವರು ‘ನೋವು ಜಾಸ್ತಿ ಏನಿಲ್ಲ ಅಲ್ವಾ ಅಜ್ಜಿ?’ ಅಂದರು. ಅಮ್ಮ ‘ಇಲ್ಲ’ ಅಂದಳು. ದೊಡ್ಡವರ ಮಾತಿಗೆ ಎದುರಾಡಬಾರದು ಅಂತ ಬೆಳೆದವಳು. ಆಮೇಲೆ ಬಂದ ನರ್ಸಮ್ಮ ಪಕ್ಕದಲ್ಲಿ ಕೂತು, ಕೈ ಹಿಡಿದು, ‘ಬೆಳಿಗ್ಗೆ ಎದ್ದಾಗ ಬೆರಳು ಎಷ್ಟು ಹೊತ್ತು ಬಿಗಿಯಾಗಿರುತ್ತೆ?’ ಅಂತ ಕೇಳಿದರು. ‘ಬಿಸಿಲು ಜಗಲಿಗೆ ಬರೋವರೆಗೂ ಮಡಚೋಕಾಗಲ್ಲ ಕಣಮ್ಮ’ ಅಂದಳು ಅಮ್ಮ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇದ್ದರೆ ಅದು ವಯಸ್ಸಿಗೆ ಕೀಲು ಸವೆದದ್ದಲ್ಲ, ಕೀಲು ಊದಿ ನೋಯುವ ಉರಿಯೂತದ ಸಂಧಿವಾತ ಇರಬಹುದು ಅಂತ ಅನುಮಾನಿಸಿ ಪರೀಕ್ಷೆ ಮಾಡಿಸುತ್ತಾರೆ. ನಮಗೂ ಬರೆದುಕೊಟ್ಟರು. ಆ ಒಂದು ಪ್ರಶ್ನೆಯಿಂದ.

ನಾವು ಕೇಳೋ ಎಷ್ಟೋ ಪ್ರಶ್ನೆಗಳಲ್ಲಿ ಉತ್ತರವನ್ನು ನಾವೇ ತುಂಬಿಟ್ಟಿರುತ್ತೇವೆ. ‘ತಾನೇ’, ‘ಅಲ್ವಾ’ ಸೇರಿಸಿದರೆ ಎದುರಿನವರಿಗೆ ‘ಹೂಂ’ ಅನ್ನೋದು ಬಿಟ್ಟು ಬೇರೆ ದಾರಿ ಇಲ್ಲ. ‘ಯಾಕೆ’ ಇನ್ನೊಂದು ಥರ. ಅಳುವ ಮಗುವಿಗೆ ‘ಯಾಕೆ ಅಳ್ತೀಯ?’ ಅಂದರೆ ಗದರಿದ ಹಾಗೆ ಕೇಳುತ್ತದೆ, ‘ಏನಾಯ್ತು ಕಂದ?’ ಅಂದರೆ ಹೇಳಿಕೊಳ್ಳುತ್ತದೆ. ಹಳಬರಿಗೆ ಇದು ಗೊತ್ತಿತ್ತು. ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳಬಾರದು, ‘ದೂರ ಹೊರಟ್ರಾ?’ ಅನ್ನಬೇಕು ಅಂತ ಅಜ್ಜಿ ಹೇಳುತ್ತಿದ್ದರು. ಅಪಶಕುನ ಅನ್ನೋದನ್ನ ನಾನು ನಂಬಲ್ಲ. ಆದರೆ ಹಾಗೆ ಕೇಳಿದರೆ ಇಷ್ಟ ಇದ್ದವರು ಊರ ಹೆಸರು ಹೇಳುತ್ತಾರೆ, ಇಲ್ಲದವರು ‘ಇಲ್ಲೇ ಹತ್ತಿರ’ ಅಂದು ಹೋಗಬಹುದು.

ಕ್ಲಾಸಿನಲ್ಲಿ ನಾನು ಲೆಕ್ಕ ಬಿಡಿಸಿ ‘ಅರ್ಥ ಆಯ್ತಾ?’ ಅಂತಿದ್ದೆ. ‘ಆಯ್ತು ಸಾರ್’ ಅಂತ ಇಡೀ ಕ್ಲಾಸು. ‘ಯಾವ ಸಾಲಿನಲ್ಲಿ ತೊಡಕಾಯ್ತು?’ ಅಂತ ಕೇಳಿದ್ದರೆ ಹಿಂದಿನ ಬೆಂಚಿನ ಎಷ್ಟು ಮಕ್ಕಳು ಕೈ ಎತ್ತುತ್ತಿದ್ದರೋ. ಇದು ನನಗೆ ಈಗಲೂ ನೋವಿನ ವಿಷಯ. ಈಗ ಕಲಿಸುತ್ತಿರುವ ಗೆಳೆಯರು ದಯವಿಟ್ಟು ನಾಳೆಯೇ ಕೇಳಿ ನೋಡಿ, ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೂ ಅಷ್ಟೆ. ‘ಎಷ್ಟು ಬಂತು?’ ಅಂದರೆ ಮಗು ಇಷ್ಟು ಅಂತ ಹೇಳಿ ಒಳಗೆ ಹೋಗುತ್ತದೆ, ‘ಓದೋಕೆ ಯಾವುದು ಖುಷಿ ಕೊಡ್ತು?’ ಅಂದರೆ ನಿಮ್ಮ ಪಕ್ಕದಲ್ಲಿ ಕೂರುತ್ತದೆ.

ಅಮ್ಮನಿಗೆ ಈಗ ಮೊದಲು ಸಾರಿನ ವಿಷಯವೇ ಕೇಳುತ್ತೇನೆ. ನಿನ್ನೆ ಅರ್ಧ ಗಂಟೆ ಮಾತಾಡಿದಳು. ತೋಟದ ಮೂಲೆಯ ಎರಡು ತೆಂಗಿನ ಮರಕ್ಕೆ ಕಪ್ಪುತಲೆ ಹುಳು ಬಿದ್ದಿದೆ ಅನ್ನೋದು ಆಗಲೇ ಗೊತ್ತಾಯಿತು.

– ನಿವೃತ್ತ ಶಿಕ್ಷಕ, ತುಮಕೂರು