ಹೆಸರು ಹೇಳದ ಆ ಸಿಸ್ಟರ್‌ಗೆ

ರಾಯಚೂರಿನ ಸರ್ಜರಿ ವಾರ್ಡಿನ ಸಿಸ್ಟರ್, ನಿಮಗೆ ಕೈಮುಗಿದು ಧನ್ಯವಾದ.

ಕರುಳಿನ ಹೊಲಿಗೆ ಬಿಟ್ಟೋ, ಅಂಟಿಕೊಂಡ ಕರುಳು ಬಿಡಿಸುವಾಗ ಗಾಯವಾಗಿಯೋ ಫಿಸ್ಟುಲಾ (ಕರುಳಿನಿಂದ ಹೊಟ್ಟೆಯ ಚರ್ಮದವರೆಗೆ ತೂತಾಗಿ ರಸ ಹೊರಗೆ ಸೋರುವುದು) ಆದರೆ ಎಲ್ಲರಿಗೂ ಮರು ಆಪರೇಷನ್ನಿನದೇ ಅವಸರ. ಆದರೆ ಮೊದಲು ಕೀವು ತೆಗೆದು, ಮೈಯ ಉಪ್ಪು-ನೀರು ಸರಿಮಾಡಿ, ಮೈಗೆ ಪೋಷಣೆ ಕೊಟ್ಟು ಸಾಮಾನ್ಯವಾಗಿ 3ರಿಂದ 6 ತಿಂಗಳು ಕಾಯಬೇಕು. ಎಷ್ಟೋ ಸಲ ತಾನೇ ಮುಚ್ಚುತ್ತದೆ. ಅಲ್ಲಿಯವರೆಗೆ ಚರ್ಮ ಉಳಿಸುವುದು ನಿಮ್ಮಂಥವರ ಕೈ. ಸಣ್ಣ ಕರುಳಿನ ರಸ ಚರ್ಮವನ್ನೇ ಸುಡುತ್ತದಲ್ಲ!

ಸೋರುವ ರಸ ಹಿಡಿಯುವ ಬ್ಯಾಗಿನ ತೂತನ್ನು ಫಿಸ್ಟುಲಾದ ಬಾಯಿಗಿಂತ 2-3 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸಿ, ಎಣ್ಣೆ ಸೋಕದ ಒಣ ಚರ್ಮಕ್ಕೆ ಅಂಟಿಸಿ, ಅಂಗೈ ಬಿಸಿಯಲ್ಲಿ ಒತ್ತಿ ಹಿಡಿದಿರಿ. ಮೇ ತಿಂಗಳ ಬೆವರಿಗೆ ಅದು ನಿಲ್ಲುವುದೇ ಕಷ್ಟ. ಮೂರನೇ ಒಂದು ಭಾಗ ತುಂಬಿದೊಡನೆ ಖಾಲಿ ಮಾಡಿಸಿದಿರಿ; ಭಾರಕ್ಕೆ ಅಂಟು ಬಿಡುತ್ತದೆ. ಸೋರುವ ರಸ ದಿನಕ್ಕೆ 500 ಮಿ.ಲೀ. ದಾಟಿದಾಗ ಬರೀ ನೀರಿನ ಚೊಂಬು ಸರಿಸಿ ಓಆರ್‌ಎಸ್ ಇಟ್ಟಿರಿ.