ನಮ್ಮ ಮೊಡವೆ ಫೇಸ್‌ವಾಶ್‌ನಲ್ಲಿ ಇನ್ನು ಟ್ರೈಕ್ಲೋಸಾನ್ ಇರುವುದಿಲ್ಲ

ಮಾನ್ಯ ಗ್ರಾಹಕರೇ,

ನಮಸ್ಕಾರ. ಈ ತಿಂಗಳಿಂದ ಅಂಗಡಿಗೆ ಬರುವ ನಮ್ಮ ಸಂಘದ ಮೊಡವೆ ಫೇಸ್‌ವಾಶ್ ಬಾಟಲಿಯ ಮೇಲೆ ‘ಆಂಟಿಬ್ಯಾಕ್ಟೀರಿಯಲ್’ ಎಂಬ ಪದ ಕಾಣುವುದಿಲ್ಲ. ಒಳಗಿದ್ದ ಶೇ 0.3ರಷ್ಟು ಟ್ರೈಕ್ಲೋಸಾನ್ ಎಂಬ ಬ್ಯಾಕ್ಟೀರಿಯಾನಾಶಕ ತೆಗೆದು, ಶೇ 1ರಷ್ಟು ಸ್ಯಾಲಿಸಿಲಿಕ್ ಆಮ್ಲ ಹಾಕಿದ್ದೇವೆ. 100 ಮಿಲಿ ಬಾಟಲಿಯ ಬೆಲೆ ಬದಲಾಗಿಲ್ಲ. ಆದರೆ ನೊರೆ ಕಡಿಮೆ, ದ್ರವ ಕೊಂಚ ತೆಳು, ಬಳಸುವ ಕ್ರಮವೂ ಬೇರೆ. ಹಳೆಯ ರೂಢಿಯಲ್ಲೇ ಹಚ್ಚಿ ತೊಳೆದರೆ ಪ್ರಯೋಜನ ಸಿಗದು, ಅದಕ್ಕಾಗಿ ಈ ಪತ್ರ.

ಮೊಡವೆಯಲ್ಲಿ ಪಾತ್ರವಿರುವ ಬ್ಯಾಕ್ಟೀರಿಯಾ ಮುಖದ ಮೇಲೆ ಕೂತ ಕೊಳೆಯಲ್ಲ. ಅದು ರೋಮಕೂಪದ ಆಳದಲ್ಲಿ, ಜಿಡ್ಡಿನೊಳಗೆ ಬದುಕುತ್ತದೆ. ಮೊಡವೆಯೇ ಇಲ್ಲದವರ ಚರ್ಮದಲ್ಲೂ ಇರುತ್ತದೆ. ಸತ್ತ ಜೀವಕೋಶಗಳು ಜಿಡ್ಡಿನೊಂದಿಗೆ ಸೇರಿ ರಂಧ್ರದ ಬಾಯಿ ಕಟ್ಟಿದಾಗ ತೊಂದರೆ ಶುರುವಾಗುತ್ತದೆ. ಇಪ್ಪತ್ತು ಸೆಕೆಂಡು ಮುಖದ ಮೇಲಿದ್ದು ಹರಿದುಹೋಗುವ ಟ್ರೈಕ್ಲೋಸಾನ್ ಆ ಕಟ್ಟನ್ನು ಬಿಡಿಸುವುದಿಲ್ಲ. ಇಂಥ ರಾಸಾಯನಿಕ ಬೆರೆಸಿದ ಸೋಪು ಸಾದಾ ಸೋಪಿಗಿಂತ ಮೇಲು ಎಂದು ತಯಾರಕರು ತೋರಿಸಿಕೊಡಲಿಲ್ಲ ಎಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರ ಸೆಪ್ಟೆಂಬರ್‌ನಲ್ಲಿ ಟ್ರೈಕ್ಲೋಸಾನ್ ಸೇರಿ 19 ಪದಾರ್ಥಗಳನ್ನು ಮನೆಬಳಕೆಯ ಆಂಟಿಬ್ಯಾಕ್ಟೀರಿಯಲ್ ಸೋಪುಗಳಿಂದ ಹೊರಗಿಟ್ಟಿತು.

ಮುಖಕ್ಕೆ ದಕ್ಕದೇ ಹೋದದ್ದು ಪೂರ್ತಿ ಮೋರಿಗೆ ಹೋಗುತ್ತದೆ. ಒಂದು ಲೆಕ್ಕ ನೋಡಿ: 100 ಮಿಲಿ ಬಾಟಲಿಯಲ್ಲಿ ಇದ್ದದ್ದು 300 ಮಿಲಿಗ್ರಾಂ. ಸೂಕ್ಷ್ಮ ಜಾತಿಯ ಪಾಚಿಗಳ ಬೆಳವಣಿಗೆಗೆ ಲೀಟರಿಗೆ ಒಂದು ಮೈಕ್ರೋಗ್ರಾಂ (ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು) ಆಸುಪಾಸಿನಲ್ಲೇ ಪೆಟ್ಟು ಬೀಳುತ್ತದೆ. ಒಂದು ಬಾಟಲಿಯ ಟ್ರೈಕ್ಲೋಸಾನನ್ನು ಆ ಮಟ್ಟಕ್ಕೆ ಇಳಿಸಲು ಮೂರು ಲಕ್ಷ ಲೀಟರ್, ಅಂದರೆ 6,000 ಲೀಟರಿನ ಐವತ್ತು ಟ್ಯಾಂಕರ್ ನೀರು ಬೇಕು. ಪಾಚಿ ಕೆರೆಯ ಆಹಾರ ಸರಪಳಿಯ ತಳ; ಅದು ಕುಗ್ಗಿದರೆ ಮೀನಿನ ತನಕ ಪರಿಣಾಮ ಮುಟ್ಟುತ್ತದೆ.

ಶುದ್ಧೀಕರಣ ಘಟಕವಿದ್ದರೆ ಹೆಚ್ಚಿನ ಪಾಲು ನೀರಿನಿಂದ ಹೊರಬೀಳುತ್ತದೆ, ನಿಜ. ಆದರೆ ಅದರಲ್ಲಿ ಒಂದಷ್ಟು ಕೆಸರಿಗೆ ಅಂಟಿಕೊಂಡು ಉಳಿಯುತ್ತದೆ, ಆ ಕೆಸರು ಗೊಬ್ಬರವಾಗಿ ಹೊಲ ಸೇರುವುದುಂಟು. ಇನ್ನೊಂದಷ್ಟು ಸೂಕ್ಷ್ಮಜೀವಿಗಳ ಕೈಯಲ್ಲಿ ಮೀಥೈಲ್ ಟ್ರೈಕ್ಲೋಸಾನ್ ಆಗುತ್ತದೆ. ಇದು ಮೂಲಕ್ಕಿಂತ ಹಟಮಾರಿ, ಮೀನಿನ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಬಿಸಿಲು ಬಿದ್ದ ನೀರಿನಲ್ಲಿ ಸ್ವಲ್ಪ ಭಾಗ ಡಯಾಕ್ಸಿನ್ ಎಂಬ ವಿಷಕಾರಿ ಗುಂಪಿನ ಜಾತಿಗೆ ಸೇರಿದ ಸಂಯುಕ್ತವಾಗಿ ಮಾರ್ಪಡುತ್ತದೆ. ಒಳಚರಂಡಿಯೇ ಇಲ್ಲದ ಊರುಗಳಲ್ಲಿ ಬಚ್ಚಲ ನೀರು ನೇರ ಹಳ್ಳಕ್ಕೆ ಹೋಗುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ನಮ್ಮ ಬಚ್ಚಲ ನೀರು ಇನ್ನೊಬ್ಬರ ಕೆರೆಯ ನೀರಾಗುವ ಕಾಲವಿದು. ಇದರ ಮೇಲೆ, ಟ್ರೈಕ್ಲೋಸಾನಿಗೆ ಒಗ್ಗಿಕೊಂಡ ಕೆಲವು ಬ್ಯಾಕ್ಟೀರಿಯಾಗಳು ಅದೇ ಉಪಾಯದಿಂದ ಆಂಟಿಬಯಾಟಿಕ್‌ಗಳನ್ನೂ ಹೊರದಬ್ಬುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ನಮಗೆ ಇದೊಂದೇ ಕಾರಣ ಸಾಕಿತ್ತು.

ಸ್ಯಾಲಿಸಿಲಿಕ್ ಆಮ್ಲವೂ ಮೋರಿಗೇ ಹೋಗುತ್ತದೆ, ಆದರೆ ಮಣ್ಣು ನೀರಿನ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ತಿಂದು ಮುಗಿಸುತ್ತವೆ. ಮುಖದ ಮೇಲೆ ಅದರ ಕೆಲಸ ಕೊಲ್ಲುವುದಲ್ಲ, ಬಿಡಿಸುವುದು. ಜಿಡ್ಡಿನಲ್ಲಿ ಕರಗುವುದರಿಂದ ರಂಧ್ರದ ಬಾಯಿಗೆ ಇಳಿದು ಕಟ್ಟನ್ನು ಸಡಿಲಿಸುತ್ತದೆ. ಇದಕ್ಕೆ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಮುಖ್ಯ; ಅಂಕಿ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು. ನಾವು ಇಟ್ಟಿರುವ 3.8ರಲ್ಲಿ ಆಮ್ಲದ ಸುಮಾರು ಶೇ 13 ಭಾಗ ಚರ್ಮದೊಳಗೆ ಇಳಿಯಬಲ್ಲ ರೂಪದಲ್ಲಿರುತ್ತದೆ. ಪಿಎಚ್ 5.5ಕ್ಕೆ ಏರಿದರೆ ಅದು ಶೇ 0.3ಕ್ಕೆ ಕುಸಿಯುತ್ತದೆ. ಆದ್ದರಿಂದ ಲೇಬಲ್ಲಿನಲ್ಲಿ ಶೇಕಡಾ ಎಷ್ಟಿದೆ ಎಂಬುದಷ್ಟೇ ನೋಡಿ ಯಾವುದೇ ಫೇಸ್‌ವಾಶ್ ಕೊಳ್ಳಬೇಡಿ, ಪಿಎಚ್ ಕೇಳಿ. ಆಮ್ಲದ ಜತೆಗೆ ಚರ್ಮ ಉರಿಯಬಾರದೆಂದು ನೊರೆಗೆ ಸೌಮ್ಯವಾದ ಡೆಸೈಲ್ ಗ್ಲುಕೋಸೈಡ್ ಬಳಸಿದ್ದೇವೆ. ಸಾಮಾನ್ಯ ಫೇಸ್‌ವಾಶ್‌ಗಳ ನೊರೆ ಪದಾರ್ಥದಂತೆ ಅದು ಉಪ್ಪು ಹಾಕಿದರೆ ಮಂದವಾಗುವುದಿಲ್ಲ. ಮಂದಕ್ಕೆ ಇರುವುದು ಕ್ಸಾಂಥನ್ ಗಮ್ ಎಂಬ ಅಂಟು ಮಾತ್ರ. ತೆಳುವಾಗಿರುವುದು ಇದರಿಂದ, ನೀರು ಬೆರೆಸಿದ್ದರಿಂದಲ್ಲ.

ಬಳಸುವುದು ಹೀಗೆ. ಮುಖ ಒದ್ದೆಯಾಗಿದ್ದರೆ ಸಾಕು, ನೀರು ತೊಟ್ಟಿಕ್ಕಬಾರದು: ಬೋರ್‌ವೆಲ್ ನೀರಿನ ಕ್ಷಾರ ಪಿಎಚ್ ಏರಿಸಿಬಿಡುತ್ತದೆ. ಎರಡು ಕಡಲೆಬೀಜದಷ್ಟು ತೆಗೆದುಕೊಂಡು ಬೆರಳ ತುದಿಯಲ್ಲಿ ಹಚ್ಚಿ, ಕಣ್ಣು ತುಟಿಯ ಅಂಚು ಬಿಟ್ಟು, ಒಂದು ನಿಮಿಷ ಹಾಗೇ ಬಿಟ್ಟು ತೊಳೆಯಿರಿ. ಉಜ್ಜಬೇಡಿ. ಮೊದಲ ಎರಡು ವಾರ ರಾತ್ರಿ ಮಾತ್ರ. ಚರ್ಮ ಬಿಗಿಯದಿದ್ದರೆ ಆಮೇಲೆ ಎರಡು ಹೊತ್ತು. ಸಿಪ್ಪೆ ಎದ್ದರೆ ದಿನ ಬಿಟ್ಟು ದಿನ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಹತ್ತೇ ದಿನಕ್ಕೆ ಕೈಬಿಡಬೇಡಿ.

ಚಳಿಗಾಲದಲ್ಲಿ ತಳದಲ್ಲಿ ಮರಳಿನಂಥ ಬಿಳಿ ಹರಳು ಕಂಡರೆ ಅದು ಆಮ್ಲವೇ. 100 ಮಿಲಿ ನೀರಿನಲ್ಲಿ ಅದು ಕರಗುವುದು 0.2 ಗ್ರಾಂ ಮಾತ್ರ, ಉಳಿದದ್ದನ್ನು ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ ಹಿಡಿದಿಟ್ಟಿರುತ್ತದೆ. ಹೆಚ್ಚು ತಣ್ಣಗಾದರೆ ಆ ಹಿಡಿತ ತಪ್ಪುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಅಲ್ಲಾಡಿಸಿ. ಹರಳು ಕರಗದಿದ್ದರೆ ಹಚ್ಚಬೇಡಿ, ಚರ್ಮ ಸುಡುತ್ತದೆ, ಬದಲಾಯಿಸಿ ಕೊಡುತ್ತೇವೆ.

ಆಸ್ಪಿರಿನ್ ಅಲರ್ಜಿ ಇರುವವರು ಇದನ್ನು ಬಳಸಬಾರದು, ಚಿಕ್ಕ ಮಕ್ಕಳಿಗೂ ಬೇಡ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳಿ. ಗಂಟುಗಂಟಾಗಿ ನೋಯುವ, ಕಲೆ ಬೀಳಿಸುವ ಮೊಡವೆಗೆ ಯಾವ ಫೇಸ್‌ವಾಶ್ ಕೂಡ ಔಷಧವಲ್ಲ, ಚರ್ಮರೋಗ ತಜ್ಞರ ಬಳಿ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುವ ಸ್ಟಿರಾಯ್ಡ್ ಕ್ರೀಮನ್ನಂತೂ ಮುಖಕ್ಕೆ ಮುಟ್ಟಿಸಬೇಡಿ. ನಾಲ್ಕು ದಿನ ತಿಳಿಯಾಗಿ ಕಂಡು, ಬಿಟ್ಟೊಡನೆ ಮೊಡವೆ ಇಮ್ಮಡಿಯಾಗುತ್ತದೆ.

ಹಳೆಯ ಬಾಟಲಿ ಉಳಿದಿದ್ದರೆ ಸಿಂಕಿಗೆ ಸುರಿಯಬೇಡಿ. ಅರ್ಧ ಬಳಸಿದ್ದಾದರೂ ಸರಿ, ಕೊಂಡ ಅಂಗಡಿಗೆ ತಂದುಕೊಟ್ಟರೆ ಹೊಸದು ಕೊಡುತ್ತೇವೆ. ವಾಪಸು ಬಂದದ್ದನ್ನು ಅಪಾಯಕಾರಿ ತ್ಯಾಜ್ಯ ನಿರ್ವಹಣೆಯ ಪರವಾನಗಿ ಇರುವವರಿಗೆ ಒಪ್ಪಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತಯಾರಿಕಾ ವಿಭಾಗ