ನೆಬ್ರಾಸ್ಕಾ ಸಿಕ್ಕಿಬಿತ್ತು, ಲೂಯಿಸಿಯಾನಾ ಉಳಿಯಿತು

ಅರ್ಲಿಂಗ್ಟನ್, ವರ್ಜೀನಿಯಾ

ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿಯ ಕ್ಷೇಮ ಸಮಾಚಾರ ಬರೆಯುತ್ತಿರಿ.

ಬಹುಮತ ಇದ್ದ ಮೇಲೆ ವಿಪ್ ಕೊಟ್ಟು ಮಸೂದೆ ಪಾಸು ಮಾಡಿಕೊಳ್ಳಲು ಅಮೆರಿಕದವರಿಗೆ ಏನು ಕಷ್ಟ ಎಂದು ಕೇಳಿದ್ದಿರಿ. ಕಷ್ಟ ಆ ವಿಪ್‌ನಲ್ಲೇ ಇದೆ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮೀರಿದರೆ ಸ್ಥಾನಕ್ಕೇ ಸಂಚಕಾರ. ಇಲ್ಲಿ ಅಂಥದ್ದಿಲ್ಲ. 2001ರಲ್ಲಿ ಇಲ್ಲಿನ ಮೇಲ್ಮನೆಯಾದ ಸೆನೆಟ್ 50–50 ಇದ್ದಾಗ ವರ್ಮಾಂಟ್‌ನ ಜಿಮ್ ಜೆಫರ್ಡ್ಸ್ ರಿಪಬ್ಲಿಕನ್ ಪಕ್ಷ ಬಿಟ್ಟರು. ಅವರೊಬ್ಬರಿಂದ ಸದನದ ಹಿಡಿತವೇ ಡೆಮಾಕ್ರಟರ ಕೈಗೆ ಹೋಯಿತು. ಅವರ ಸ್ಥಾನಕ್ಕೆ ಏನೂ ಆಗಲಿಲ್ಲ. ರೆಸಾರ್ಟೂ ಬೇಕಾಗಲಿಲ್ಲ!

ಹಾಗಾಗಿ ಇಲ್ಲಿ ವಿಪ್ ಎಂದರೆ ಮುಖ್ಯವಾಗಿ ತಲೆ ಎಣಿಸುವವರು. ಮಸೂದೆ ಮತಕ್ಕೆ ಬರುವ ಮೊದಲೇ ಒಬ್ಬೊಬ್ಬರನ್ನೂ ಮಾತಾಡಿಸಿ ಪಟ್ಟಿ ಮಾಡುತ್ತಾರೆ: ಖಂಡಿತ ಹಾಕುವವರು, ಹಾಕಬಹುದಾದವರು, ಇನ್ನೂ ತೀರ್ಮಾನಿಸದವರು, ಹಾಕುವುದು ಅನುಮಾನ, ಖಂಡಿತ ಹಾಕದವರು. ಚೌಕಾಸಿ ನಡುವಿನ ಮೂರು ಗುಂಪಿನ ಜೊತೆ. ಬೇಕಾದಷ್ಟು ಮತ ಕೂಡಿದ ಮೇಲೆ, ಊರಲ್ಲಿ ಸೋಲುವ ಭಯ ಇರುವವರಿಗೆ ವಿರುದ್ಧ ಹಾಕಿಕೊಳ್ಳಿ ಎಂದು ಬಿಟ್ಟುಕೊಡುವುದೂ ಉಂಟು. ಎಣಿಕೆ ತಪ್ಪಿದರೆ ಫಜೀತಿ. 2003ರ ನವೆಂಬರ್ 22ರಂದು ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಔಷಧ ಮಸೂದೆಗೆ ಕೆಳಮನೆಯಾದ ಹೌಸ್‌ನಲ್ಲಿ ಬೆಳಗಿನ ಜಾವ 3ಕ್ಕೆ ಮತದಾನ ಶುರುವಾಯಿತು. 15 ನಿಮಿಷದ ಕೆಲಸ, ಮುಗಿಯುವಾಗ 6 ಗಂಟೆ ಸಮೀಪಿಸಿತ್ತು. ಅಷ್ಟು ಹೊತ್ತು ಮತದಾನ ತೆರೆದಿಟ್ಟು ಒಬ್ಬೊಬ್ಬರನ್ನೇ ಒಲಿಸಿ, ಸೋಲುತ್ತಿದ್ದದ್ದನ್ನು 220–215ರಲ್ಲಿ ಗೆಲ್ಲಿಸಿಕೊಂಡರು.

ಸೆನೆಟ್‌ನಲ್ಲಿ ಇನ್ನೂ ಬಿಗಿ. 100 ಜನರಲ್ಲಿ 51 ಇದ್ದರೆ ಮಸೂದೆ ಪಾಸಾಗುತ್ತದೆ ನಿಜ, ಆದರೆ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು. 2009ರ ಕೊನೆಗೆ ಒಬಾಮಾ ಅವರ ಆರೋಗ್ಯ ಮಸೂದೆ ಬಂದಾಗ ಡೆಮಾಕ್ರಟರ ಕಡೆ ಸರಿಯಾಗಿ 60 ಜನ ಇದ್ದರು, ಒಬ್ಬರೂ ಹೆಚ್ಚಿಲ್ಲ. ಅಂದರೆ ಅಷ್ಟೂ ಜನರೂ ಅರವತ್ತನೆಯವರೇ, ಎಲ್ಲರಿಗೂ ಬೆಲೆ.

ಆ ಬೆಲೆಯನ್ನು ನೋಟಿನ ಕಂತೆಯಲ್ಲಿ ಕೊಡುವುದಿಲ್ಲ, ಕಾನೂನಿನ ವಾಕ್ಯದಲ್ಲಿ ಕೊಡುತ್ತಾರೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ಖರ್ಚನ್ನು ಕೇಂದ್ರ ಮತ್ತು ರಾಜ್ಯಗಳು ಹಂಚಿಕೊಳ್ಳುತ್ತವೆ. ಆ ಅರವತ್ತರಲ್ಲಿ ಒಬ್ಬರಾದ ಲೂಯಿಸಿಯಾನಾದ ಸೆನೆಟರ್ ಮೇರಿ ಲ್ಯಾಂಡ್ರಿಯೂ ತಮ್ಮ ರಾಜ್ಯಕ್ಕೆ ಹೆಚ್ಚು ಕೇಂದ್ರದ ಪಾಲು ಕೇಳಿ ಪಡೆದರು. ಮಸೂದೆಯಲ್ಲಿ ಲೂಯಿಸಿಯಾನಾ ಎಂಬ ಹೆಸರೇ ಇಲ್ಲ. ಹಿಂದಿನ 7 ವರ್ಷಗಳಲ್ಲಿ ಅಧ್ಯಕ್ಷರು ಮಹಾವಿಪತ್ತು ಘೋಷಿಸಿ, 'ಪ್ರತಿಯೊಂದು ಕೌಂಟಿ ಅಥವಾ ಪ್ಯಾರಿಷ್' ನೆರವಿಗೆ ಅರ್ಹ ಎಂದ ರಾಜ್ಯ, ಎಂದಷ್ಟೇ ಬರೆದಿದ್ದರು. ಜಿಲ್ಲೆಗೆ ಪ್ಯಾರಿಷ್ ಎನ್ನುವುದು ಲೂಯಿಸಿಯಾನಾದಲ್ಲಿ ಮಾತ್ರ. ಕತ್ರಿನಾ ಚಂಡಮಾರುತ ಬಡಿದದ್ದೂ ಅಲ್ಲೇ. ಕರಡು ಬರೆಯುವವರ ಕಸುಬು ನೋಡಿ.

ನೆಬ್ರಾಸ್ಕಾದ ಸೆನೆಟರ್ ಬೆನ್ ನೆಲ್ಸನ್ ಅವರ ವ್ಯವಹಾರದಲ್ಲಿ ಈ ಜಾಣತನ ಇರಲಿಲ್ಲ. ಹೊಸದಾಗಿ ಮೆಡಿಕೇಡ್‌ಗೆ ಸೇರುವವರ ಪೂರ್ತಿ ಖರ್ಚನ್ನು ಕೇಂದ್ರ ಎಲ್ಲ ರಾಜ್ಯಗಳಿಗೂ ಮೊದಲ 3 ವರ್ಷ ಭರಿಸುವುದೆಂದಿತ್ತು. ನೆಬ್ರಾಸ್ಕಾಕ್ಕೆ ಮಾತ್ರ ಆ ಅವಧಿ ಮುಗಿದು 2017ರಿಂದ ಮುಂದಕ್ಕೂ, ಕೊನೆಯಿಲ್ಲದಂತೆ. ರಾಜ್ಯದ ಹೆಸರು ಮಸೂದೆಯಲ್ಲೇ ಅಚ್ಚಾಗಿತ್ತು. ಡಿಸೆಂಬರ್ 24ರಂದು 60–39ರಲ್ಲಿ ಪಾಸಾಯಿತು, ಅಷ್ಟರಲ್ಲೇ ದೇಶವೆಲ್ಲ ಬೊಬ್ಬೆ. ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಉಪಚುನಾವಣೆಯಲ್ಲಿ ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದು 60 ಇದ್ದದ್ದು 59 ಆಯಿತು. ಮಾರ್ಚ್‌ನಲ್ಲಿ ತಿದ್ದುಪಡಿ ಮಸೂದೆ ತಂದು ನೆಬ್ರಾಸ್ಕಾದ ಸಾಲನ್ನು ಕಿತ್ತರು. ಹೆಸರಿಲ್ಲದ ಲೂಯಿಸಿಯಾನಾದ ಕಲಂ ಉಳಿಯಿತು. ಅದರ ಲೆಕ್ಕಸೂತ್ರದಲ್ಲೇ ಎಡವಟ್ಟಾಗಿ, ಅಂದುಕೊಂಡದ್ದಕ್ಕಿಂತ ಹೆಚ್ಚು ದುಡ್ಡು ಹರಿಯುವಂತಾಗಿ, 2012ರಲ್ಲಿ ಸರಿಪಡಿಸಬೇಕಾಯಿತು.

59 ಮತದಲ್ಲಿ ತಿದ್ದುಪಡಿ ಹೇಗೆ ಎಂದು ನೀವು ಕೇಳುತ್ತೀರಿ. ಬಜೆಟ್‌ಗೆ ಸೇರಿದ್ದಾದರೆ ರಿಕನ್ಸಿಲಿಯೇಷನ್ ಎಂಬ ಒಳದಾರಿ ಇದೆ, 1974ರ ಬಜೆಟ್ ಕಾಯ್ದೆಯದು. ಚರ್ಚೆ 20 ಗಂಟೆ ಮಾತ್ರ, ಸರಳ ಬಹುಮತ ಸಾಕು. ಆದರೆ ಪ್ರತಿ ಸಾಲೂ ಸರ್ಕಾರದ ಆದಾಯ ಅಥವಾ ಖರ್ಚಿಗೆ ನೇರ ಸಂಬಂಧಿಸಿರಬೇಕು. ಅದನ್ನು ಹೇಳುವವರು ಪಾರ್ಲಿಮೆಂಟೇರಿಯನ್ ಎಂಬ, ಯಾರೂ ಚುನಾಯಿಸದ ಅಧಿಕಾರಿ. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಪ್ರಸ್ತಾಪ 2021ರಲ್ಲಿ ಬಿದ್ದದ್ದು ಅಲ್ಲೇ. ಒಪ್ಪಂದ ಕುದುರಿಸುವಾಗ ಇದನ್ನು ಮರೆತವರು ಕೊನೆ ಗಳಿಗೆಯಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ಈ ನಿಯಮದಿಂದ ಪೇಚಿಗೆ ಸಿಕ್ಕವರು ವೆಸ್ಟ್ ವರ್ಜೀನಿಯಾದ ಡೆಮಾಕ್ರಟ್ ಸೆನೆಟರ್ ಜೋ ಮ್ಯಾಂಚಿನ್. 2022ರ ಹವಾಮಾನ ಮಸೂದೆಗೆ ಅವರ ಮತ ಇಲ್ಲದೆ ಆಗುತ್ತಿರಲಿಲ್ಲ. ಕೇಳಿದ್ದರಲ್ಲಿ ಕೆಲವನ್ನು ಮಸೂದೆಯೊಳಗೇ ಕಟ್ಟಿಸಿಕೊಂಡರು: ಸಮುದ್ರದಲ್ಲಿ ಗಾಳಿ ವಿದ್ಯುತ್‌ಗೆ ಗುತ್ತಿಗೆ ಕೊಡಬೇಕಾದರೆ ಅದರ ಹಿಂದಿನ ಒಂದು ವರ್ಷದಲ್ಲಿ ತೈಲ-ಅನಿಲಕ್ಕೆ 6 ಕೋಟಿ ಎಕರೆ ಹರಾಜಿಗೆ ಇಟ್ಟಿರಬೇಕು. ಬಜೆಟ್‌ಗೆ ಸೇರದ, ಮೌಂಟನ್ ವ್ಯಾಲಿ ಅನಿಲ ಕೊಳವೆ ಮಾರ್ಗದ ಅನುಮತಿಯನ್ನು ಮಾತ್ರ ಪ್ರತ್ಯೇಕ ಮಸೂದೆಯಲ್ಲಿ, ಆಮೇಲೆ ಎಂಬ ಮಾತಿಗೆ ಒಪ್ಪಬೇಕಾಯಿತು. ಆಗಸ್ಟ್ 7ರಂದು ಮತ ಹಾಕಿದರು, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಮತವೂ ಸೇರಿ 51–50. ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ಮಸೂದೆಗೆ 60 ಮತ ಕೂಡಲಿಲ್ಲ, ಹಿಂದಕ್ಕೆ ಪಡೆದರು. ಕೊಳವೆಗೆ ದಾರಿಯಾದದ್ದು 2023ರ ಜೂನ್‌ನಲ್ಲಿ, ಸಾಲದ ಮಿತಿ ಏರಿಸುವ ಕಾಯ್ದೆಯ ಬೆನ್ನೇರಿ.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ. ಇಲ್ಲಿನ ಮಸೂದೆಗಳು ಕಾಂಗ್ರೆಸ್ಸಿನ ಜಾಲತಾಣದಲ್ಲಿ ಪೂರ್ತಿ ಸಿಗುತ್ತವೆ. ಸುದ್ದಿಯಲ್ಲಿ ಬಂದ ಯಾವುದಾದರೂ ಮಸೂದೆ ನಿಮಗೆ ಓದಬೇಕೆನಿಸಿದರೆ ಹೇಳಿ, 'ಈ ಲಕ್ಷಣವಿರುವ ರಾಜ್ಯ' ಎಂದು ಶುರುವಾಗುವ ಸಾಲುಗಳಿಗೆ ಗುರುತು ಹಾಕಿ ಕಳಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ,
ಶ್ರೀಧರ